ಮೀನುಗಾರಿಕೆಗೆ ಕೈ ಜಿ.ಪಿ.ಎಸ್. ಉಪಕರಣದ ಆಯ್ಕೆ: ಕೆರೆ, ಜಲಾಶಯ, ಕಡಲು

ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿಗೆ ಸೇರಿದ ನುಗ್ಗೇಹಳ್ಳಿಯು, 1246ರಲ್ಲಿ ಹೊಯ್ಸಳ ದಂಡನಾಯಕ ಬೊಮ್ಮಣ್ಣನು ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯದಿಂದ ಪ್ರಸಿದ್ಧವಾದುದು. ಆ ಸೀಮೆಯ ಕೆರೆಗಳಲ್ಲಿ ಬಲೆ ಬೀಸುವವನಿಗೆ ‘ನಾನೀಗ ಎಲ್ಲಿರುವೆನು’ ಎಂಬ ಪ್ರಶ್ನೆ ಹುಟ್ಟುವುದೇ ಇಲ್ಲ. ಕೆರೆಯ ಏರಿ, ತೂಬು, ಕೋಡಿ, ಎದುರು ದಡದ ತೆಂಗಿನ ಸಾಲು, ಇವೆಲ್ಲವೂ ಅವನ ಕಣ್ಣಿಗೆ ಕಾಣುತ್ತಲೇ ಇರುತ್ತವೆ. ಅದೇ ಜಿಲ್ಲೆಯ ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟಿನ ಹಿಂದಿನ ಜಲರಾಶಿಯ ಸಂಗತಿ ಬೇರೆ. ಅಲ್ಲಿ ಮಳೆಗಾಲದಲ್ಲಿ ನೀರು ಏರಿದಾಗ ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಗೋಡೆಗಳು ಮುಳುಗುತ್ತವೆ. ಬೇಸಿಗೆಯಲ್ಲಿ ಅವು ಮತ್ತೆ ನೆಲದ ಮೇಲೆ ನಿಲ್ಲುತ್ತವೆ. ದಡವೇ ಸ್ಥಳ ಬದಲಾಯಿಸುವ ಇಂಥ ನೀರಿನಲ್ಲಿ, ಸಂಜೆ ಬಿಟ್ಟ ಬಲೆಯನ್ನು ಮುಂಜಾನೆಯ ಮಂಜಿನಲ್ಲಿ ಹುಡುಕುವವನಿಗೆ ಮೇಲಿನ ಪ್ರಶ್ನೆ ಒಂದಿಷ್ಟು ಹುಟ್ಟುತ್ತದೆ. ಇನ್ನು ಘಟ್ಟವನ್ನಿಳಿದು ಮಲ್ಪೆಗೆ ಹೋದರೆ, ದಡವೇ ಕಾಣದ ಕಡಲಿನಲ್ಲಿ ಆ ಪ್ರಶ್ನೆಯು ಜೀವನ್ಮರಣದ ಪ್ರಶ್ನೆಯಾಗುತ್ತದೆ.

ಈ ಮೂರು ನೀರುಗಳನ್ನೂ ಮುಂದಿಟ್ಟುಕೊಂಡು, ಮೀನುಗಾರನು ಕೈಯಲ್ಲಿ ಹಿಡಿಯುವ ಜಿ.ಪಿ.ಎಸ್. ಉಪಕರಣವನ್ನು ಯಾವ ತತ್ತ್ವದ ಮೇಲೆ ಆರಿಸಿಕೊಳ್ಳಬೇಕೆಂಬುದನ್ನು ವಿಚಾರಮಾಡುವುದು ಪ್ರಸ್ತುತ ಲೇಖನದ ಉದ್ದೇಶ. ಮಾರುವವರು ಸಾಮಾನ್ಯವಾಗಿ ‘ಇದು ಮೂರು ಮೀಟರ್‌ವರೆಗೆ ಸರಿಯಾಗಿ ತೋರಿಸುತ್ತದೆ’ ಎಂದು ಹೇಳಿ ಮುಗಿಸುತ್ತಾರೆ. ಆದರೆ ಉಪಕರಣದ ತಪ್ಪಿಗಿಂತ ಅದನ್ನು ಓದುವವನ ತಪ್ಪು ಅನೇಕ ಪಟ್ಟು ದೊಡ್ಡದಾಗಬಲ್ಲದು. ಆದುದರಿಂದ ಓದುವವನು ತಪ್ಪುವುದಕ್ಕೆ ಅತ್ಯಂತ ಕಡಮೆ ಅವಕಾಶ ಕೊಡುವ ಉಪಕರಣವೇ ಉತ್ತಮವೆಂಬುದು ಇಲ್ಲಿ ಪ್ರತಿಪಾದಿಸುವ ವಿಷಯ.

ಹಿಂದಿನ ಕ್ರಮ

ಉಪಗ್ರಹಗಳು ಬರುವ ಮುನ್ನ ಕರಾವಳಿಯ ಮೀನುಗಾರರು ದಾರಿ ತಿಳಿಯದವರೇನೂ ಆಗಿರಲಿಲ್ಲ. ನೆಲದ ಮೇಲಿನ ಎರಡು ಗುರುತುಗಳು ಒಂದರ ಹಿಂದೊಂದು ಒಂದೇ ಸಾಲಿಗೆ ಬಂದಾಗ ದೋಣಿಯು ಒಂದು ನಿಶ್ಚಿತವಾದ ರೇಖೆಯ ಮೇಲಿರುತ್ತದೆ. ಬೇರೊಂದು ದಿಕ್ಕಿನಲ್ಲಿ ಇಂಥದೇ ಇನ್ನೊಂದು ಜೋಡಿ ಸಾಲಾದರೆ, ಎರಡು ರೇಖೆಗಳು ಕೂಡುವ ಬಿಂದುವೇ ದೋಣಿಯ ಸ್ಥಾನ. 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭವೂ ಘಟ್ಟದ ಶಿಖರಗಳೂ ಇಂಥ ಗುರುತುಗಳು. ಕುದುರೆಮುಖವೆಂಬ ಹೆಸರೇ ನೋಡುವವರ ಕಣ್ಣಿಗೆ ಬೆಟ್ಟವು ತೋರಿದ ಆಕಾರದಿಂದ ಬಂದುದು. ಸುಮಾರು 1,890 ಮೀಟರ್ ಎತ್ತರದ ಆ ಶಿಖರವು ಭೂಮಿಯ ಗೋಳಾಕಾರದ ಲೆಕ್ಕದಂತೆ 150 ಕಿಲೋಮೀಟರಿಗೂ ಮಿಕ್ಕ ದೂರಕ್ಕೆ ಕಾಣಬೇಕು. ಆದರೆ ಲೆಕ್ಕವು ಮಂಜನ್ನಾಗಲಿ ಇರುಳನ್ನಾಗಲಿ ಮೋಡವನ್ನಾಗಲಿ ಗಣಿಸುವುದಿಲ್ಲ. ಗುರುತು ಮರೆಯಾದ ಮೇಲೆ ಉಳಿಯುವುದು ದಿಕ್ಸೂಚಿಯೊಂದೇ. ದಿಕ್ಕಿನಲ್ಲಿ ಐದು ಡಿಗ್ರಿ ತಪ್ಪಿದರೆ 60 ಕಿಲೋಮೀಟರ್ ಸಾಗುವಷ್ಟರಲ್ಲಿ ದೋಣಿಯು ಗುರಿಯಿಂದ ಐದು ಕಿಲೋಮೀಟರಿನಷ್ಟು ಪಕ್ಕಕ್ಕೆ ಸರಿದಿರುತ್ತದೆ. ಈ ಕೊರತೆಯನ್ನು ತುಂಬಿದುದು ಜಿ.ಪಿ.ಎಸ್.

ಉಪಕರಣವು ಕೆಲಸ ಮಾಡುವ ಬಗೆ

ಜಿ.ಪಿ.ಎಸ್. ಎಂಬುದು ಅಮೆರಿಕದ ಉಪಗ್ರಹ ವ್ಯವಸ್ಥೆ. ಇದರ ಮೊದಲ ಉಪಗ್ರಹವನ್ನು 1978ರಲ್ಲಿ ಹಾರಿಸಲಾಯಿತು. ವ್ಯವಸ್ಥೆ ಪೂರ್ಣವಾದುದು 1995ರಲ್ಲಿ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಪ್ರತಿಯೊಂದು ಉಪಗ್ರಹವೂ ಪರಮಾಣು ಗಡಿಯಾರವನ್ನು ಹೊತ್ತು, ‘ನಾನು ಇಂಥ ಸ್ಥಳದಲ್ಲಿರುವೆನು, ಈಗ ಗಂಟೆ ಇಷ್ಟು’ ಎಂಬ ಅರ್ಥದ ಸಂಕೇತವನ್ನು ಎಡೆಬಿಡದೆ ಕಳುಹಿಸುತ್ತಿರುತ್ತದೆ. ಸಂಕೇತವು ಬೆಳಕಿನ ವೇಗದಲ್ಲಿ ಬಂದು ಮುಟ್ಟಲು ಸೆಕೆಂಡಿನ ನೂರರಲ್ಲಿ ಏಳು ಭಾಗದಷ್ಟು ಕಾಲ ಹಿಡಿಯುತ್ತದೆ. ಈ ಕಾಲವನ್ನು ಅಳೆದರೆ ದೂರ ತಿಳಿಯುತ್ತದೆ. ಮೂರು ಉಪಗ್ರಹಗಳ ದೂರಗಳಿಂದ ಸ್ಥಾನವನ್ನು ನಿರ್ಣಯಿಸಬಹುದು. ಆದರೆ ಕೈ ಉಪಕರಣದ ಗಡಿಯಾರವು ಅಗ್ಗದ್ದಾದುದರಿಂದ ಅದರ ತಪ್ಪನ್ನು ಕಂಡುಹಿಡಿಯಲು ನಾಲ್ಕನೆಯದೂ ಬೇಕು. ಒಂದು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ತಪ್ಪಿದರೂ ದೂರದಲ್ಲಿ 300 ಮೀಟರ್ ವ್ಯತ್ಯಾಸವಾಗುವುದೆಂಬುದನ್ನು ನೆನೆದರೆ, ಈ ನಾಲ್ಕನೆಯದರ ಬೆಲೆ ತಿಳಿಯುತ್ತದೆ.

2000ದ ಮೇ ತಿಂಗಳವರೆಗೆ ಅಮೆರಿಕ ಸರ್ಕಾರವು ಸಾಮಾನ್ಯ ಬಳಕೆಯ ಸಂಕೇತವನ್ನು ಬೇಕೆಂದೇ ಕೆಡಿಸುತ್ತಿದ್ದುದರಿಂದ ನೂರು ಮೀಟರಿನವರೆಗೆ ತಪ್ಪು ಬರುತ್ತಿತ್ತು. ಆ ನಿರ್ಬಂಧವನ್ನು ತೆಗೆದ ಬಳಿಕ, ತೆರೆದ ಆಕಾಶದ ಕೆಳಗೆ ಒಳ್ಳೆಯ ಉಪಕರಣವು ಕೆಲವೇ ಮೀಟರುಗಳ ಒಳಗೆ ಸ್ಥಾನವನ್ನು ತೋರಿಸುತ್ತದೆ. ಉಳಿದಿರುವ ತಪ್ಪಿನ ಮುಖ್ಯ ಕಾರಣ ಅಯಾನುಗೋಳ. ಭೂಕಾಂತ ಸಮಭಾಜಕವು ಭಾರತದ ದಕ್ಷಿಣ ತುದಿಯ ಸಮೀಪದಲ್ಲಿ ಹಾದುಹೋಗುವುದರಿಂದ ನಮ್ಮ ಆಕಾಶದಲ್ಲಿ ಈ ಪದರದ ಏರುಪೇರು ಅಧಿಕ. ಸೂರ್ಯನ ಚಟುವಟಿಕೆ ಹೆಚ್ಚಿರುವ ವರ್ಷಗಳಲ್ಲಿ, ವಿಶೇಷವಾಗಿ ಮಾರ್ಚ್ ಮತ್ತು ಸೆಪ್ಟೆಂಬರ್‌ಗಳ ಆಸುಪಾಸಿನಲ್ಲಿ, ಸೂರ್ಯಾಸ್ತದ ಅನಂತರ ಸಂಕೇತಗಳು ಮಿನುಗಿ ಕಡಿದುಹೋಗುವುದುಂಟು. ಮೀನುಗಾರನು ದಡಕ್ಕೆ ತಿರುಗುವ ಹೊತ್ತೂ ಅದೇ ಆಗಿರಬಹುದು.

ಹಾಸನದ ಸಂಬಂಧ

ಸಮುದ್ರವಿಲ್ಲದ ಹಾಸನ ಜಿಲ್ಲೆಗೂ ಈ ವಿಷಯಕ್ಕೂ ನೇರವಾದ ನಂಟಿದೆ. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು 1982ರಲ್ಲಿ ಹಾಸನದಲ್ಲಿ ಸ್ಥಾಪಿಸಿದ ಪ್ರಧಾನ ನಿಯಂತ್ರಣ ಕೇಂದ್ರವು, ಭೂಮಿಯೊಡನೆ ಸಮಗತಿಯಲ್ಲಿ ಸುತ್ತುವ ನಮ್ಮ ದೇಶದ ಉಪಗ್ರಹಗಳನ್ನು ಅವುಗಳ ಕಕ್ಷೆಗೆ ಏರಿಸಿ ಕಾಯುವ ಕೇಂದ್ರ. ಜಿ.ಪಿ.ಎಸ್. ಸಂಕೇತಗಳಲ್ಲಿನ ತಪ್ಪನ್ನು ಅಳೆದು ತಿದ್ದುಪಡಿಯನ್ನು ಬಿತ್ತರಿಸುವ ‘ಗಗನ್’ ವ್ಯವಸ್ಥೆಯ ಸಲಕರಣೆಯನ್ನು ಜಿಸ್ಯಾಟ್-8, ಜಿಸ್ಯಾಟ್-10, ಜಿಸ್ಯಾಟ್-15 ಎಂಬ ಮೂರು ಉಪಗ್ರಹಗಳಲ್ಲಿ 2011ರಿಂದ 2015ರ ಅವಧಿಯಲ್ಲಿ ಕಳುಹಿಸಲಾಯಿತು. ಭಾರತದ್ದೇ ಆದ ‘ನಾವಿಕ್’ ವ್ಯವಸ್ಥೆಯ ಮೊದಲ ಉಪಗ್ರಹವು 2013ರ ಜುಲೈ 1ರಂದು ಹಾರಿತು. 2016ರ ಏಪ್ರಿಲ್‌ನಲ್ಲಿ ಏಳು ಉಪಗ್ರಹಗಳ ಬಳಗವು ಪೂರ್ಣಗೊಂಡಿತು. ಇವು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದ್ದು ನಮ್ಮ ಆಕಾಶವನ್ನು ಬಿಟ್ಟುಹೋಗದೆ ಸುಳಿಯುವಂತೆ ಯೋಜಿತವಾದವು.

ಆದರೆ ಸ್ವದೇಶದ್ದೆಂಬ ಅಭಿಮಾನದಿಂದ ನಾವಿಕ್ ಒಂದನ್ನೇ ನಂಬುವ ಉಪಕರಣವನ್ನು ಆರಿಸುವುದು ತರವಲ್ಲ. ಮೊದಲ ತಂಡದ ಉಪಗ್ರಹಗಳಲ್ಲಿ ಹಲವು ಪರಮಾಣು ಗಡಿಯಾರಗಳು ಕೆಟ್ಟವು. ಅವುಗಳ ಸ್ಥಾನವನ್ನು ತುಂಬಲೆಂದು 2023ರ ಮೇ ತಿಂಗಳಲ್ಲಿ ಹೊಸ ಮಾದರಿಯ ಮೊದಲ ಉಪಗ್ರಹವು ಯಶಸ್ವಿಯಾಗಿ ಹಾರಿತಾದರೂ, 2025ರ ಜನವರಿಯಲ್ಲಿ ಹಾರಿಸಿದ ಎರಡನೆಯದು ಉದ್ದೇಶಿತ ಕಕ್ಷೆಯನ್ನು ಸೇರಲಿಲ್ಲ. ಆದುದರಿಂದ ಜಿ.ಪಿ.ಎಸ್., ನಾವಿಕ್ ಮತ್ತು ಇತರ ದೇಶಗಳ ವ್ಯವಸ್ಥೆಗಳನ್ನು ಒಟ್ಟಿಗೆ ಬಳಸಬಲ್ಲ, ಗಗನ್ ತಿದ್ದುಪಡಿಯನ್ನೂ ಸ್ವೀಕರಿಸಬಲ್ಲ ಉಪಕರಣವೇ ಮೇಲು. ಒಂದು ಬಳಗವು ಕೈಕೊಟ್ಟರೆ ಇನ್ನೊಂದು ಕೈಹಿಡಿಯುತ್ತದೆ.

ಓದುವವನ ತಪ್ಪು

ಈಗ ಮುಖ್ಯ ವಿಷಯಕ್ಕೆ ಬರೋಣ. ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು, ಕಡಲ ಮೇಲ್ಮೈಯ ಉಷ್ಣತೆಯನ್ನೂ ಹಸಿರು ಸೂಕ್ಷ್ಮಸಸ್ಯಗಳ ಪ್ರಮಾಣವನ್ನೂ ಉಪಗ್ರಹಗಳಿಂದ ಅಳೆದು, ಮೀನು ದೊರೆಯುವ ಸಂಭವವುಳ್ಳ ವಲಯಗಳನ್ನು ಪ್ರಕಟಿಸುತ್ತದೆ. ಪ್ರಕಟಣೆಯಲ್ಲಿ ಬಂದರಿನಿಂದ ದಿಕ್ಕು, ದೂರ, ಆಳಗಳ ಜೊತೆಗೆ ಅಕ್ಷಾಂಶ ರೇಖಾಂಶಗಳೂ ಇರುತ್ತವೆ. ಅಕ್ಷಾಂಶವನ್ನು ಬರೆಯುವ ಕ್ರಮ ಒಂದೇ ಅಲ್ಲ. ಡಿಗ್ರಿ, ಮಿನಿಟು, ಸೆಕೆಂಡುಗಳೆಂದು ಬರೆಯುವುದು ಒಂದು. ಮಿನಿಟನ್ನು ದಶಮಾಂಶದಲ್ಲಿ ಬರೆಯುವುದು ಇನ್ನೊಂದು. ಡಿಗ್ರಿಯನ್ನೇ ದಶಮಾಂಶದಲ್ಲಿ ಬರೆಯುವುದು ಮತ್ತೊಂದು. 13 ಡಿಗ್ರಿ 20.50 ಮಿನಿಟು ಎಂಬುದನ್ನು ಒಬ್ಬನು 13 ಡಿಗ್ರಿ 20 ಮಿನಿಟು 50 ಸೆಕೆಂಡು ಎಂದು ಉಪಕರಣಕ್ಕೆ ಊಡಿದನೆಂದು ಭಾವಿಸೋಣ. 0.50 ಮಿನಿಟೆಂದರೆ 30 ಸೆಕೆಂಡು; ಆದುದರಿಂದ ತಪ್ಪು 20 ಸೆಕೆಂಡು. ಅಕ್ಷಾಂಶದ ಒಂದು ಮಿನಿಟು ಒಂದು ನಾವಿಕ ಮೈಲಿಗೆ, ಅಂದರೆ 1,852 ಮೀಟರಿಗೆ ಸಮ. 20 ಸೆಕೆಂಡಿಗೆ 617 ಮೀಟರ್ ಆಗುತ್ತದೆ. ಮೂರು ಮೀಟರ್ ತಪ್ಪಿನ ಉಪಕರಣವು ಇನ್ನೂರು ಪಟ್ಟು ದೊಡ್ಡ ತಪ್ಪನ್ನು ಯಾವ ಎಚ್ಚರಿಕೆಯನ್ನೂ ಕೊಡದೆ ಒಪ್ಪಿಕೊಂಡಿತು. ನೀರಿನಡಿಯ ಬಂಡೆಯನ್ನು ತಪ್ಪಿಸಿ ಬಲೆ ಎಳೆಯಬೇಕಾದವನಿಗೆ 617 ಮೀಟರ್ ಎಂದರೆ ಬಲೆಯೇ ಹರಿದುಹೋಗುವ ಮಾತು.

ಭೂಪಟದ ಆಧಾರವೂ ಇಂಥದೇ ಇನ್ನೊಂದು ಬಲೆ. ಭಾರತದ ಹಳೆಯ ಸರ್ವೇ ಭೂಪಟಗಳು ಎವರೆಸ್ಟನು 1830ರಲ್ಲಿ ಗೊತ್ತುಮಾಡಿದ ಭೂಗೋಳದ ಆಕಾರವನ್ನು ಆಧರಿಸಿದವು, ಜಿ.ಪಿ.ಎಸ್. ಆಧರಿಸುವುದು 1984ರ ಜಾಗತಿಕ ಮಾನವನ್ನು. ನಮ್ಮ ಕರಾವಳಿಯಲ್ಲಿ ಇವೆರಡಕ್ಕೂ ನೂರು ಮೀಟರಿಗೂ ಮಿಕ್ಕ ಅಂತರ ಬರುತ್ತದೆ. ಉಪಕರಣದಲ್ಲಿ ಯಾವ ಮಾನ, ಯಾವ ಬರೆವಣಿಗೆಯ ಕ್ರಮ ನಿಗದಿಯಾಗಿದೆಯೆಂಬುದು ಮೊದಲ ಪರದೆಯಲ್ಲಿಯೇ ಸ್ಪಷ್ಟವಾಗಿ ಕಾಣುವಂತಿರಬೇಕು.

ಆಯ್ಕೆಯ ಲಕ್ಷಣಗಳು

ಮೊದಲನೆಯದಾಗಿ, ನೀರು. ‘ಐಪಿಎಕ್ಸ್7’ ಎಂಬ ಗುರುತಿದ್ದರೆ ಉಪಕರಣವು ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದ್ದರೂ ಕೆಡದು ಎಂದರ್ಥ. ಆದರೆ ಆ ಪರೀಕ್ಷೆ ಸಿಹಿನೀರಿನದು. ಉಪ್ಪುನೀರು ಸೆಲ್ಲಿನ ಲೋಹವನ್ನು ತಿನ್ನುವ ಮಾತು ಬೇರೆ. ಕೈತಪ್ಪಿ ಬಿದ್ದರೆ ತೇಲುವುದೇ ಎಂಬುದು ಇದಕ್ಕೂ ಮಿಗಿಲಾದ ಪ್ರಶ್ನೆ.

ಎರಡನೆಯದಾಗಿ, ಗುಂಡಿಗಳು. ಒದ್ದೆ ಬೆರಳಿಗೂ ನೀರಿನ ಹನಿಗೂ ಸ್ಪರ್ಶಪರದೆಯು ಭೇದವೆಣಿಸದು. ಒತ್ತುವ ಗುಂಡಿಗಳಿರುವುದು ದೋಣಿಗೆ ಲೇಸು. ಒಬ್ಬನು ನೀರಿಗೆ ಬಿದ್ದ ಕ್ಷಣದಲ್ಲಿ ಆ ಸ್ಥಾನವನ್ನು ಒಂದೇ ಒತ್ತಿಗೆ ಗುರುತುಹಾಕುವ ಸೌಕರ್ಯವಿರಲೇಬೇಕು. ಪರದೆಯು ನಡುಹಗಲಿನ ಬಿಸಿಲಿನಲ್ಲಿಯೂ ಓದುವಂತಿರಬೇಕು.

ಮೂರನೆಯದಾಗಿ, ಶಕ್ತಿ. ಒಂದು ಜೊತೆ ಸೆಲ್ಲಿನಿಂದ 20 ಗಂಟೆ ನಡೆಯುವ ಉಪಕರಣವನ್ನು ಹತ್ತು ದಿನಗಳ ಆಳಸಮುದ್ರ ಯಾನದಲ್ಲಿ ಎಡೆಬಿಡದೆ ನಡೆಸಲು 12 ಜೊತೆ ಬೇಕು. ಅಂಗಡಿಯಲ್ಲಿ ದೊರೆಯುವ ಸಾಮಾನ್ಯ ಸೆಲ್ಲನ್ನು ಒಪ್ಪುವ ಉಪಕರಣಕ್ಕೆ ಇದೊಂದು ಅನುಕೂಲ. ಮೊಬೈಲ್ ದೂರವಾಣಿಯೂ ಜಾಲದ ನೆರವಿಲ್ಲದೆಯೇ ಸ್ಥಾನವನ್ನು ತಿಳಿಯಬಲ್ಲದು. ನಾಡದೋಣಿಯವನಿಗೆ, ಜಲಾಶಯದವನಿಗೆ ಅದೇ ಸಾಕಾದೀತು. ಆದರೆ ನೀರು, ಬಿಸಿಲು, ಬೇಗ ಮುಗಿಯುವ ಶಕ್ತಿ, ಈ ಮೂರೂ ಅದರ ವೈರಿಗಳು.

ನಾಲ್ಕನೆಯದಾಗಿ, ಜಾಡು. ಹೋದ ದಾರಿಯನ್ನು ಬರೆದಿಟ್ಟು ಅದರ ಮೇಲೆಯೇ ಹಿಂದಿರುಗಿಸುವ ಗುಣವು ಅಳಿವೆಬಾಗಿಲಿನಲ್ಲಿ ಬಹು ಉಪಯುಕ್ತ. ಆದರೆ ಅಳಿವೆಯ ಮರಳುದಿಣ್ಣೆ ಮಳೆಗಾಲದಲ್ಲಿ ಸರಿಯುತ್ತದೆ. ಜೂನ್, ಜುಲೈ ತಿಂಗಳ ಮೀನುಗಾರಿಕೆಯ ನಿಷೇಧಕ್ಕೆ ಮುಂಚೆ ಬರೆದ ಜಾಡನ್ನು ಆಗಸ್ಟಿನಲ್ಲಿ ನಂಬಬಾರದು. ಉಪಕರಣವು ತೋರಿಸುವ ನೇರ ರೇಖೆಯು ನೀರಿನ ಆಳವನ್ನು ಅರಿಯದು.

ತನ್ನ ಸ್ಥಾನ ತನಗೆ, ತನ್ನ ಸ್ಥಾನ ದಡಕ್ಕೆ

2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಏಳು ಮಂದಿಯೊಡನೆ ಹೊರಟ ‘ಸುವರ್ಣ ತ್ರಿಭುಜ’ ಎಂಬ ಬೋಟು ಸಂಪರ್ಕ ಕಡಿದು ಕಾಣೆಯಾಯಿತು. ಅದರ ಅವಶೇಷವನ್ನು ನೌಕಾಪಡೆಯು ಮಹಾರಾಷ್ಟ್ರದ ಮಾಲ್ವಣದ ಆಚೆ ಕಡಲಡಿಯಲ್ಲಿ ಪತ್ತೆಹಚ್ಚಿದುದು 2019ರ ಮೇ ತಿಂಗಳಲ್ಲಿ. ತಿಂಗಳುಗಟ್ಟಲೆ ಏಳು ಮನೆಗಳು ಕಾದುಕುಳಿತಿದ್ದವು. ಈ ಪ್ರಸಂಗವು ಒಂದು ಭೇದವನ್ನು ಮನಗಾಣಿಸುತ್ತದೆ. ಕೈ ಜಿ.ಪಿ.ಎಸ್. ಕೇವಲ ಕೇಳುವ ಉಪಕರಣ, ಹೇಳುವುದಲ್ಲ. ‘ನಾನೆಲ್ಲಿರುವೆನು’ ಎಂಬುದನ್ನು ಅದು ತಾಂಡೇಲನಿಗೆ ತಿಳಿಸುತ್ತದೆಯೇ ಹೊರತು ದಡದವರಿಗಲ್ಲ. 2019ರಲ್ಲಿ ಬಳಕೆಗೆ ಬಂದ ‘ಜೆಮಿನಿ’ ಉಪಕರಣವು ಗಗನ್ ಉಪಗ್ರಹಗಳ ಮೂಲಕ ಚಂಡಮಾರುತದ ಎಚ್ಚರಿಕೆಯನ್ನು ದೋಣಿಗೆ ತಲಪಿಸುತ್ತದೆ, ಅದೂ ಕೇಳುವುದೇ. ದಡಕ್ಕೆ ಹೇಳಲು ಅಪಾಯಸೂಚಕ ಪ್ರೇಷಕವೋ ಬೋಟಿನ ಟ್ರಾನ್ಸ್‌ಪಾಂಡರೋ ಬೇರೆಯಾಗಿ ಬೇಕು. ವಿದೇಶದಿಂದ ಬರುವ ಕೆಲವು ಕೈ ಉಪಕರಣಗಳಲ್ಲಿ ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಏರ್ಪಾಡಿದೆ. ಸರ್ಕಾರದ ಪರವಾನಗಿಯಿಲ್ಲದೆ ಅವನ್ನು ಭಾರತದಲ್ಲಿ ಇಟ್ಟುಕೊಳ್ಳುವುದೇ ಅಪರಾಧವಾಗುವುದರಿಂದ, ಕೊಳ್ಳುವ ಮುನ್ನ ಈ ಭೇದವನ್ನು ಕೇಳಿ ತಿಳಿಯತಕ್ಕದ್ದು.

ಒಂದು ಪರೀಕ್ಷೆ

ಕೊಂಡ ಉಪಕರಣವನ್ನು ಕಡಲಿಗೆ ಒಯ್ಯುವ ಮುಂಚೆ ನೆಲದ ಮೇಲೆ ಪರೀಕ್ಷಿಸಬೇಕು. ಇದು ಕಾಲೇಜಿನ ವಿದ್ಯಾರ್ಥಿಗಳಿಗೂ ಒಳ್ಳೆಯ ಪ್ರಯೋಗವಾದೀತು. ಕೆರೆಯ ಏರಿಯ ಮೇಲೆ ತೂಬಿನ ಬಳಿ ಉಪಕರಣವನ್ನಿಟ್ಟು, ಒಂದು ಗಂಟೆಯ ಕಾಲ ಮಿನಿಟಿಗೊಮ್ಮೆ ಸ್ಥಾನವನ್ನು ಬರೆದುಕೊಳ್ಳಿರಿ. ಅರವತ್ತು ಬಿಂದುಗಳನ್ನು ಚೌಕಳಿ ಕಾಗದದ ಮೇಲೆ ಗುರುತಿಸಿದರೆ ಅವುಗಳ ಹರಹು ಕಣ್ಣಿಗೆ ಕಾಣುತ್ತದೆ. ಪರದೆಯ ಮೇಲೆ ‘ಮೂರು ಮೀಟರ್’ ಎಂದಿರುವುದು ಭರವಸೆಯಲ್ಲ, ಅಂದಾಜು ಎಂಬುದು ಆಗ ವಿಶದವಾಗುತ್ತದೆ. ಸಂಜೆಯ ಮೇಲೆ ಇದನ್ನೇ ಮತ್ತೆ ಮಾಡಿ ಹೋಲಿಸಿರಿ. ಬಳಿಕ ತೂಬನ್ನು ಗುರುತುಹಾಕಿ, ಕೋಡಿಯವರೆಗೆ ನಡೆದು, ಉಪಕರಣದ ಮಾತಿನಂತೆಯೇ ಹಿಂದಿರುಗಿರಿ. ಕೊನೆಗೆ ಆ ಸ್ಥಾನವನ್ನು ಕಾಗದದ ಮೇಲೆ ಬರೆದು ಸಹಪಾಠಿಯ ಕೈಗೆ ಕೊಟ್ಟು, ಅವನ ಉಪಕರಣದಲ್ಲಿ ಊಡಿ ತೂಬನ್ನು ಹುಡುಕುವಂತೆ ಹೇಳಿರಿ. ಅವನು ಬೇರೆಲ್ಲಿಗೋ ಹೋದರೆ ತಪ್ಪು ಉಪಗ್ರಹದ್ದಲ್ಲ, ಬರೆದ ಕ್ರಮದ್ದು.

ಕೆರೆಯ ಏರಿಯ ಮೇಲೆ ಈ ತಪ್ಪಿಗೆ ತೆರುವ ಬೆಲೆ ನಾಲ್ಕು ಹೆಜ್ಜೆಯ ನಡಿಗೆ; ಕಡಲಿನಲ್ಲಿ ಅದು ಬಲೆಯೋ ಬೋಟೋ ಪ್ರಾಣವೋ ಆಗಬಹುದು. ಆದಕಾರಣ ದಿಕ್ಸೂಚಿಯನ್ನೂ, ಹಿರಿಯರು ಹೇಳಿಕೊಟ್ಟ ಬೆಟ್ಟದ ಗುರುತುಗಳನ್ನೂ, ಮುಖ್ಯ ಸ್ಥಾನಗಳನ್ನು ಬರೆದಿಟ್ಟ ಒಂದು ಪುಸ್ತಕವನ್ನೂ ಬಿಟ್ಟು, ಉಪಕರಣವೊಂದನ್ನೇ ನಂಬಿ ಯಾರೂ ಹೊರಡಬಾರದು.