ಆ್ಯಪ್ ಹೋಯಿತು, ಫೋಲ್ಡರ್ ಉಳಿಯಿತು

2020ರ ಜೂನ್ 29ರಂದು ಕೇಂದ್ರ ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿದಾಗ ಸುದ್ದಿಯೆಲ್ಲ ಟಿಕ್‌ಟಾಕ್ ಸುತ್ತಲೇ ತಿರುಗಿತು. ಅದೇ ಪಟ್ಟಿಯಲ್ಲಿ ಶೇರ್‌ಇಟ್, ಕ್ಸೆಂಡರ್, ಕ್ಯಾಮ್‌ಸ್ಕ್ಯಾನರ್, ಇಎಸ್ ಫೈಲ್ ಎಕ್ಸ್‌ಪ್ಲೋರರ್ ಕೂಡ ಇದ್ದವು. ನಮ್ಮಲ್ಲಿ ಎಷ್ಟೋ ಮದುವೆ ವಿಡಿಯೊಗಳು ಫೋನಿನಿಂದ ಫೋನಿಗೆ ದಾಟುತ್ತಿದ್ದದ್ದು ಶೇರ್‌ಇಟ್‌ನಲ್ಲಿ. ಮಾರ್ಕ್ಸ್ ಕಾರ್ಡು, ಆಧಾರ್ ಕಾರ್ಡು ಪಿಡಿಎಫ್ ಆಗುತ್ತಿದ್ದದ್ದು ಕ್ಯಾಮ್‌ಸ್ಕ್ಯಾನರಿನಲ್ಲಿ. ಜನ ಆ್ಯಪ್‌ಗಳನ್ನು ತೆಗೆದರು. ಅವುಗಳ ಹೆಸರಿನ ಫೋಲ್ಡರುಗಳು ಮಾತ್ರ ಫೋನಿನಲ್ಲೇ ಕುಳಿತವು. ಕಸವೆಂದು ಅಳಿಸಿದರೆ ಒಳಗಿರುವ ಮದುವೆ ವಿಡಿಯೊವೂ ಹೋಗುತ್ತದೆ, ಅಳಿಸದಿದ್ದರೆ 'ಸ್ಟೋರೇಜ್ ಫುಲ್' ಎಂಬ ಸಂದೇಶ ಬಿಡುವುದಿಲ್ಲ. ಇಂಥ ಕಸ ಗುಡಿಸುತ್ತೇವೆಂದು ಬಂದಿದ್ದ ಕ್ಲೀನ್ ಮಾಸ್ಟರ್, ಡಿಯು ಕ್ಲೀನರ್‌ಗಳೂ ಅದೇ ನಿಷೇಧದ ಪಟ್ಟಿಯಲ್ಲಿದ್ದವು ಎಂಬುದು ಇದರ ಜೊತೆಗಿನ ತಮಾಷೆ.

ಆ್ಯಪ್ ಹೋದ ಮೇಲೂ ಅದರ ಫೈಲು ಉಳಿಯುವುದೇಕೆ? ಪ್ರೋಗ್ರಾಮರುಗಳ ಸೋಮಾರಿತನ ಎಂದು ಬಯ್ದು ಸುಮ್ಮನಾಗಬಹುದು, ಅದರಲ್ಲಿ ಸ್ವಲ್ಪ ನಿಜವೂ ಇದೆ. ಆದರೆ ಮೂಲ ಕಾರಣ ಬೇರೆ. ಈ ಫೈಲು ಯಾರದು, ಆ್ಯಪಿನದೋ ಅದನ್ನು ಬಳಸುವವರದೋ ಎಂಬ ಪ್ರಶ್ನೆಗೆ ಅಂಗೈ ಸಾಧನಗಳು ಹುಟ್ಟಿದಾಗಿನಿಂದ ಒಂದೊಂದು ಕಂಪನಿಯೂ ಒಂದೊಂದು ಉತ್ತರ ಕೊಟ್ಟುಕೊಂಡು ಬಂದಿದೆ.

1996ರಲ್ಲಿ ಬಂದ ಪಾಮ್ ಪೈಲಟ್‌ನ ಉತ್ತರ ಅಚ್ಚುಕಟ್ಟಾಗಿತ್ತು. ಪೈಲಟ್ 1000 ಮಾದರಿಯಲ್ಲಿದ್ದ ಮೆಮರಿ ಬರೀ 128 ಕೆಬಿ, ಇಂದಿನ ಒಂದು ವಾಟ್ಸ್‌ಆ್ಯಪ್ ಫೋಟೊಗೂ ಸಾಕಾಗದಷ್ಟು. ಅಲ್ಲಿ ಒಂದು ಕೆಬಿ ಪೋಲಾದರೂ ನಷ್ಟ. ಹಾಗಾಗಿ ಪ್ರತಿ ಪ್ರೋಗ್ರಾಮಿಗೂ ನಾಲ್ಕು ಅಕ್ಷರದ ಒಂದು ಗುರುತು, ಕ್ರಿಯೇಟರ್ ಐಡಿ. ಪ್ರೋಗ್ರಾಮರು ಅದನ್ನು ಪಾಮ್ ಕಂಪನಿಯಲ್ಲಿ ನೋಂದಾಯಿಸಿಕೊಳ್ಳಬೇಕಿತ್ತು. ಪ್ರೋಗ್ರಾಮನ್ನು ಅಳಿಸಿದರೆ ಅದೇ ಗುರುತಿನ ಮಾಹಿತಿಯೆಲ್ಲ ಒಟ್ಟಿಗೆ ಅಳಿಯುತ್ತಿತ್ತು. ಆದರೂ ಅಲ್ಲಿ ಇಲ್ಲಿ ಉಳಿಕೆ ಇರುತ್ತಿತ್ತು. ಹಲವು ಕ್ಯಾಲ್ಕ್ಯುಲೇಟರ್ ಪ್ರೋಗ್ರಾಮುಗಳಿಗೆ ಮ್ಯಾಥ್‌ಲಿಬ್ ಎಂಬ ಲೆಕ್ಕದ ಲೈಬ್ರರಿ ಬೇಕಿತ್ತು, ಅದರ ಗುರುತು ಬೇರೆ. ಒಂದು ಕ್ಯಾಲ್ಕ್ಯುಲೇಟರ್ ತೆಗೆದವರು ಇದೂ ಅದರದ್ದೇ ಉಳಿಕೆ ಎಂದುಕೊಂಡು ಅಳಿಸಿದರೆ, ಅದನ್ನೇ ನೆಚ್ಚಿಕೊಂಡಿದ್ದ ಇನ್ನೊಂದು ಪ್ರೋಗ್ರಾಂ ಕೆಡುತ್ತಿತ್ತು. ಅನಾಥವಾಗಿ ಕಾಣುವ ಫೈಲಿಗೆ ಬೇರೆ ಸಂಬಂಧಿಕರು ಇರಬಹುದೆಂಬ ಎಚ್ಚರ ಇಂದಿಗೂ ಬೇಕು.

ನೋಕಿಯಾ ಫೋನುಗಳಲ್ಲಿದ್ದ ಸಿಂಬಿಯನ್ ಪ್ರೋಗ್ರಾಮರನ್ನು ನಂಬಿತು. ಇನ್‌ಸ್ಟಾಲ್ ಆಗುವಾಗ ಬಂದ ಫೈಲುಗಳು ಅನ್‌ಇನ್‌ಸ್ಟಾಲ್ ಮಾಡಿದಾಗ ಹೋಗುತ್ತಿದ್ದವು. ಬಳಸುತ್ತಾ ಬಳಸುತ್ತಾ ಹುಟ್ಟಿದ ಫೈಲುಗಳು ಹೋಗಬೇಕಾದರೆ ಅವುಗಳ ಹೆಸರನ್ನೂ ಮೊದಲೇ ಪಟ್ಟಿಯಲ್ಲಿ ಬರೆದಿರಬೇಕಿತ್ತು. ಬರೆಯದಿದ್ದರೆ ಅವು ಮೆಮರಿ ಕಾರ್ಡಿನಲ್ಲೇ ಉಳಿದವು.

ಇದೇ ಹೊತ್ತಿಗೆ ಬೆಂಗಳೂರಿನಲ್ಲೊಂದು ಬೇರೆಯದೇ ಉತ್ತರ ಮೂಡಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಂಸ್ಥೆಯ ಎಂಜಿನಿಯರುಗಳು ಸೇರಿ ರೂಪಿಸಿದ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರ್ ಊರಿಗೆಲ್ಲ ಒಂದೇ ಇರಲಿ, ಪ್ರತಿಯೊಬ್ಬರೂ ತಮ್ಮ ಮಾಹಿತಿಯನ್ನು ತಮ್ಮ ತಮ್ಮ ಸ್ಮಾರ್ಟ್ ಕಾರ್ಡಿನಲ್ಲಿ ಇಟ್ಟುಕೊಳ್ಳಲಿ ಎಂಬುದು ಅವರ ಕಲ್ಪನೆ. ಮಾಹಿತಿ ಮನುಷ್ಯನದು, ಯಂತ್ರಕ್ಕೂ ಪ್ರೋಗ್ರಾಮಿಗೂ ಅದರ ಮೇಲೆ ಹಕ್ಕಿಲ್ಲ. 2004ರಲ್ಲಿ ಬಿಇಎಲ್ ಸಹಯೋಗದಲ್ಲಿ ಅಮಿಡಾ ಸಿಂಪ್ಯೂಟರ್ ಮಾರುಕಟ್ಟೆಗೆ ಬಂದರೂ ಹೆಚ್ಚು ಜನರ ಕೈ ಸೇರಲಿಲ್ಲ. ಆ ಕಲ್ಪನೆಯೂ ಅದರೊಂದಿಗೇ ಮೂಲೆ ಸೇರಿತು. ನನಗಂತೂ ಅದು ಇಂದಿಗೂ ಸರಿಯಾದ ಉತ್ತರವೆಂದೇ ಅನ್ನಿಸುತ್ತದೆ.

ನಮ್ಮ ಇವತ್ತಿನ ಕಸದ ಕಥೆ ಶುರುವಾಗುವುದು 2008ರಲ್ಲಿ, ಅಮೆರಿಕದಲ್ಲಿ ಬಿಡುಗಡೆಯಾದ ಮೊದಲ ಆಂಡ್ರಾಯ್ಡ್ ಫೋನು ಟಿ-ಮೊಬೈಲ್ ಜಿ1ರಿಂದ. ಆಂಡ್ರಾಯ್ಡ್‌ನ ಬುಡದಲ್ಲಿರುವುದು ಲಿನಕ್ಸ್. ಒಂದು ಕಂಪ್ಯೂಟರನ್ನು ಹಲವರು ಬಳಸುವಾಗ ಒಬ್ಬರ ಫೈಲನ್ನು ಇನ್ನೊಬ್ಬರು ಮುಟ್ಟದಿರಲೆಂದು ಲಿನಕ್ಸ್ ಪ್ರತಿಯೊಬ್ಬ ಬಳಕೆದಾರನಿಗೂ ಒಂದು ಸಂಖ್ಯೆ ಕೊಡುತ್ತದೆ. ಆಂಡ್ರಾಯ್ಡ್ ಮಾಡಿದ ಜಾಣತನವೆಂದರೆ ಆ ಸಂಖ್ಯೆಯನ್ನು ಪ್ರತಿ ಆ್ಯಪ್‌ಗೂ ಕೊಟ್ಟದ್ದು. ಫೋನಿನ ಒಳಮೆಮರಿಯಲ್ಲಿ ಪ್ರತಿ ಆ್ಯಪ್‌ಗೂ ತನ್ನದೇ ಕೋಣೆ, ಆ್ಯಪ್ ಹೋದರೆ ಕೋಣೆಯೂ ಖಾಲಿ. ಇಷ್ಟೇ ಆಗಿದ್ದರೆ ಈ ಲೇಖನ ಬೇಕಿರಲಿಲ್ಲ. ಆದರೆ ಒಳಮೆಮರಿ ತೀರಾ ಕಡಿಮೆ, ಹಾಡು, ಚಿತ್ರ, ವಿಡಿಯೊ ಎಲ್ಲವೂ ಮೈಕ್ರೊಎಸ್‌ಡಿ ಕಾರ್ಡಿಗೆ ಹೋಗಬೇಕಿತ್ತು. ಆ ಕಾರ್ಡನ್ನು ವಿಂಡೋಸ್ ಕಂಪ್ಯೂಟರಿಗೆ ಹಾಕಿದರೂ ಓದುವಂತಿರಬೇಕು. ಹಾಗಾಗಿ ಅದರಲ್ಲಿ ಬಳಸಿದ್ದು 1970ರ ದಶಕದಲ್ಲಿ ಮೈಕ್ರೊಸಾಫ್ಟ್‌ನಲ್ಲಿ ಹುಟ್ಟಿದ ಫ್ಯಾಟ್ ಎಂಬ ಪದ್ಧತಿ.

ಫ್ಯಾಟ್‌ನಲ್ಲಿ ಒಂದು ಫೈಲಿನ ವಿವರಕ್ಕೆ 32 ಬೈಟ್ ಜಾಗ. ಹೆಸರಿಗೆ 11 ಬೈಟ್, ಗಾತ್ರಕ್ಕೆ 4 ಬೈಟ್, ಉಳಿದದ್ದರಲ್ಲಿ ತಾರೀಖು, ವೇಳೆ, ಫೈಲು ಎಲ್ಲಿಂದ ಶುರು ಎಂಬುದು. ಒಡೆಯ ಯಾರೆಂದು ಬರೆಯಲು ಜಾಗವೇ ಇಲ್ಲ. ಪಹಣಿಯಲ್ಲಿ ಸರ್ವೆ ನಂಬರು, ವಿಸ್ತೀರ್ಣ ಎಲ್ಲ ಇದ್ದು ಸ್ವಾಧೀನದಾರರ ಕಲಮೇ ಇಲ್ಲದಿದ್ದರೆ ಹೇಗೋ ಹಾಗೆ. ಫ್ಲಾಪಿಯ ಕಾಲಕ್ಕೆ ಅದು ಸರಿಯೇ, ಅದನ್ನು ಹಿಡಿದವರೇ ಒಡೆಯರು. ಇಪ್ಪತ್ತು ಮೂವತ್ತು ಆ್ಯಪ್‌ಗಳು ಒಂದೇ ಕಾರ್ಡಿಗೆ ಬರೆಯತೊಡಗಿದಾಗ ಅದೇ ಕೊರತೆ ತೊಡಕಾಯಿತು. ಆ್ಯಪ್ ಅಳಿಸುವಾಗ ಅದು ಕಾರ್ಡಿನಲ್ಲಿ ಬರೆದದ್ದು ಯಾವುದು ಎಂದು ಆಂಡ್ರಾಯ್ಡ್‌ಗೆ ತಿಳಿಯುವ ದಾರಿಯೇ ಇರಲಿಲ್ಲ.

2010ರ ಫ್ರೋಯೊ ಆವೃತ್ತಿಯಲ್ಲಿ ಒಂದು ಪರಿಹಾರ ಬಂತು. ಕಾರ್ಡಿನಲ್ಲಿ 'ಆಂಡ್ರಾಯ್ಡ್' ಎಂಬ ಫೋಲ್ಡರ್, ಅದರೊಳಗೆ 'ಡೇಟಾ', ಅದರೊಳಗೆ ಪ್ರತಿ ಆ್ಯಪ್‌ನ ಪೂರ್ಣ ಹೆಸರಿನ ಫೋಲ್ಡರ್. ಅಲ್ಲಿ ಬರೆದದ್ದು ಆ್ಯಪ್ ಜೊತೆಗೇ ಅಳಿಯುತ್ತದೆ. ಆದರೆ ಅಲ್ಲೇ ಬರೆಯಬೇಕೆಂಬ ಕಡ್ಡಾಯ ಇರಲಿಲ್ಲ. ಹಲವು ಆ್ಯಪ್‌ಗಳು ತಮ್ಮ ಹೆಸರಿನ ಫೋಲ್ಡರನ್ನು ಹೊರಗೇ ಮಾಡಿಕೊಳ್ಳುತ್ತಾ ಹೋದವು. ಕೆಲವಕ್ಕೆ ಒಳ್ಳೆಯ ಕಾರಣವಿತ್ತು: ಆ್ಯಪ್ ತೆಗೆದು ಮತ್ತೆ ಹಾಕಿದರೆ ಹಳೆಯ ಚಾಟ್, ಹಳೆಯ ಫೋಟೊ ಸಿಗಲಿ ಎಂದು. ಇನ್ನು ಕೆಲವು ಬಿಟ್ಟುಹೋದದ್ದು ಬೇಕೆಂದೇ. 2019ರಲ್ಲಿ ಯೂಸ್‌ನಿಕ್ಸ್ ಸಮ್ಮೇಳನದಲ್ಲಿ ಮಂಡನೆಯಾದ ಒಂದು ಸಂಶೋಧನೆ, ಬೈದು ಮತ್ತು ಸಾಮನ್ಆ್ಯಡ್ಸ್ ಕಂಪನಿಗಳ ಸಾಫ್ಟ್‌ವೇರ್ ತುಣುಕುಗಳು ಫೋನಿನ ಐಎಂಇಐ ಸಂಖ್ಯೆಯನ್ನು ಕಾರ್ಡಿನಲ್ಲಿ ಬಚ್ಚಿಡುತ್ತಿದ್ದವೆಂದು ತೋರಿಸಿತು. ಆ ಸಂಖ್ಯೆ ನೋಡುವ ಅನುಮತಿ ಇಲ್ಲದ ಬೇರೆ ಆ್ಯಪ್‌ಗಳು ಅಲ್ಲಿಂದ ಅದನ್ನು ಓದಿಕೊಳ್ಳುತ್ತಿದ್ದವು. ಆಗ ಈ ಉಳಿಕೆ ಬರೀ ಜಾಗದ ಸಮಸ್ಯೆಯಾಗಿ ಉಳಿಯಲಿಲ್ಲ.

2013ರ ಕಿಟ್‌ಕ್ಯಾಟ್‌ನಲ್ಲಿ ಗೂಗಲ್ ಕಾರ್ಡಿನ ಮೇಲೆ ಬಿಗಿ ಮಾಡಿತು, ಬಳಕೆದಾರರು ಗದ್ದಲ ಎಬ್ಬಿಸಿದರು. 2019ರ ಆಂಡ್ರಾಯ್ಡ್ 10ರಲ್ಲಿ ಇನ್ನೂ ಬಿಗಿ ಮಾಡಹೊರಟು, ಪ್ರೋಗ್ರಾಮರುಗಳ ತಕರಾರಿಗೆ ಮಣಿದು ಒಂದು ವರ್ಷ ವಿನಾಯಿತಿ ಕೊಟ್ಟಿತು. 2020ರ ಆಂಡ್ರಾಯ್ಡ್ 11ರಿಂದ ಹೊಸ ಆ್ಯಪ್‌ಗಳು ಸಿಕ್ಕಸಿಕ್ಕಲ್ಲಿ ಫೋಲ್ಡರ್ ಮಾಡುವಂತಿಲ್ಲ. ಫೋಟೊ, ವಿಡಿಯೊಗಳ ಸೂಚಿಯಲ್ಲಿ ಯಾವ ಆ್ಯಪ್ ಈ ಫೈಲಿನ ಒಡೆಯ ಎಂಬ ಕಲಮು ಆಂಡ್ರಾಯ್ಡ್ 10ರಲ್ಲೇ ಸೇರಿತ್ತು. ಆ್ಯಪ್ ಅಳಿಸಿದರೆ ಫೋಟೊ ಉಳಿಯುತ್ತದೆ, ಒಡೆಯನ ಹೆಸರು ಮಾತ್ರ ಹೋಗುತ್ತದೆ. ವಾಟ್ಸ್‌ಆ್ಯಪ್ ಕೂಡ 2021ರ ಹೊತ್ತಿಗೆ ತನ್ನ ಫೋಲ್ಡರನ್ನು ಹೊರಗಿನಿಂದ 'ಆಂಡ್ರಾಯ್ಡ್' ಫೋಲ್ಡರಿನ ಒಳಗಿನ 'ಮೀಡಿಯಾ'ಕ್ಕೆ ಸಾಗಿಸಿತು. ಆದರೆ ಹಿಂದಿನ ವರ್ಷಗಳಲ್ಲಿ ಸೇರಿದ್ದನ್ನು ಯಾರೂ ಗುಡಿಸಲಿಲ್ಲ. ಫೋನು ಬದಲಿಸುವಾಗ ಹಳೆಯ ಕಾರ್ಡನ್ನೇ ಹೊಸದಕ್ಕೆ ಹಾಕಿದವರ ಬಳಿ ಆ ಪರಂಪರೆ ಹಾಗೇ ಬಂದಿರುತ್ತದೆ.

ಗುಡಿಸುವ ಆ್ಯಪ್‌ಗಳ ಬಗ್ಗೆ ನನ್ನ ಅಭಿಪ್ರಾಯ ಒಳ್ಳೆಯದಿಲ್ಲ. ಆಂಡ್ರಾಯ್ಡ್ 11ರ ಬಳಿಕ 'ಆಂಡ್ರಾಯ್ಡ್/ಡೇಟಾ' ಒಳಗೆ ಬೇರೆ ಆ್ಯಪ್‌ಗಳು ಸಲೀಸಾಗಿ ಇಣುಕುವಂತಿಲ್ಲ, ಅಲ್ಲಿ ಗುಡಿಸಲು ಅವುಗಳ ಅಗತ್ಯವೂ ಇಲ್ಲ. ಕ್ಲೀನ್ ಮಾಸ್ಟರ್ ಮಾಡುತ್ತಿದ್ದ ಚೀತಾ ಮೊಬೈಲ್‌ನ ಆ್ಯಪ್‌ಗಳನ್ನು 2020ರ ಫೆಬ್ರವರಿಯಲ್ಲಿ ಗೂಗಲ್ ತನ್ನ ಪ್ಲೇ ಸ್ಟೋರಿನಿಂದಲೇ ತೆಗೆಯಿತು. ಹಾಗೆಂದು ಎಲ್ಲವೂ ಕೆಟ್ಟವಲ್ಲ. ಎಸ್‌ಡಿ ಮೇಡ್‌ನಂಥವು ಫೋಲ್ಡರಿನ ಹೆಸರನ್ನು ಯಾವ ಆ್ಯಪ್‌ಗೆ ಸೇರಿದ್ದೆಂದು ತಾಳೆ ನೋಡಿ ನಿಮ್ಮ ಮುಂದಿಡುತ್ತವೆ. ತಾಳೆ ತಪ್ಪಬಹುದು, ಕೊನೆಯ ತೀರ್ಮಾನ ನಿಮ್ಮದೇ ಆಗಿರಬೇಕು.

ನಿಜಕ್ಕೂ ಬೇಕಿರುವುದು ಫೋನಿನ ಜೊತೆ ಬಂದಿರುವ ಫೈಲ್ ಮ್ಯಾನೇಜರ್ ಮತ್ತು ಸ್ವಲ್ಪ ಪುರುಸೊತ್ತು. ಹೊರಗಿನ ಫೋಲ್ಡರುಗಳ ಹೆಸರನ್ನು ಒಂದೊಂದಾಗಿ ನೋಡಿ, ಈಗ ಫೋನಿನಲ್ಲಿಲ್ಲದ ಆ್ಯಪ್‌ಗಳದ್ದನ್ನು ಗುರುತಿಸಿ. ಮೊದಲು ಒಳಗಿನ ಫೋಟೊ, ಪಿಡಿಎಫ್‌ಗಳನ್ನು ಬೇರೆಡೆಗೆ ಸರಿಸಿ. ಆಮೇಲೂ ಅಳಿಸಬೇಡಿ, ಹೆಸರು ಬದಲಿಸಿ: ಹಿಂದೆ 'ಹಳೆಯದು' ಎಂದು ಸೇರಿಸಿದರೆ ಸಾಕು. ಒಂದು ವಾರ ಫೋನ್ ಎಂದಿನಂತೆ ಬಳಸಿ. ಯಾವ ಆ್ಯಪೂ ತಕರಾರು ಮಾಡದಿದ್ದರೆ ಅಳಿಸಿ. ಮ್ಯಾಥ್‌ಲಿಬ್‌ನಂಥ ಪೇಚಿಗೆ ಇದಕ್ಕಿಂತ ಸುಲಭದ ಮದ್ದಿಲ್ಲ. ಅಳಿಸಿದ್ದು ಹಲವು ಫೋನುಗಳಲ್ಲಿ 30 ದಿನ ಟ್ರ್ಯಾಶ್‌ನಲ್ಲೇ ಇರುತ್ತದೆ, ಅದನ್ನೂ ಖಾಲಿ ಮಾಡಿದ ಮೇಲಷ್ಟೇ ಜಾಗ ಸಿಗುವುದು.

ಮುಟ್ಟಬಾರದ ಕೆಲವಿವೆ. 'ಡಿಸಿಐಎಂ' ಅಂದರೆ ಕ್ಯಾಮೆರಾ ಚಿತ್ರಗಳ ಫೋಲ್ಡರ್. 'ನೋಮೀಡಿಯಾ' ಎಂಬ, ಚುಕ್ಕಿಯಿಂದ ಶುರುವಾಗುವ ಫೈಲಿನೊಳಗೆ ಸಾಮಾನ್ಯವಾಗಿ ಏನೂ ಇರುವುದಿಲ್ಲ, ಹಾಗಾಗಿ ನಿರುಪಯೋಗಿ ಎನ್ನಿಸುತ್ತದೆ. ಈ ಫೋಲ್ಡರಿನ ಚಿತ್ರಗಳನ್ನು ಗ್ಯಾಲರಿಯಲ್ಲಿ ತೋರಿಸಬೇಡ ಎಂದು ಹೇಳುವುದೇ ಅದರ ಕೆಲಸ. ಅಳಿಸಿದರೆ ಎಲ್ಲೆಲ್ಲಿಯದೋ ಸ್ಟಿಕರು, ಐಕಾನುಗಳು ಮಗುವಿನ ಫೋಟೊಗಳ ನಡುವೆ ಬಂದು ಕೂರುತ್ತವೆ. ವಾಟ್ಸ್‌ಆ್ಯಪ್ ಒಳಗಿನ 'ಡೇಟಾಬೇಸಸ್' ಫೋಲ್ಡರಿನ ಫೈಲುಗಳ ಹೆಸರು ವಿಚಿತ್ರವಾಗಿದ್ದರೂ ಅವು ನಿಮ್ಮ ಚಾಟ್‌ನ ಬ್ಯಾಕಪ್. 'ಲಾಸ್ಟ್ ಡಾಟ್ ಡಿಐಆರ್' ಎಂಬುದು ಕಾರ್ಡು ಕೆಟ್ಟಾಗ ಸಿಕ್ಕ ತುಣುಕುಗಳನ್ನು ಫೋನು ತುಂಬಿಡುವ ಜಾಗ. ಕಳೆದ ಫೋಟೊ ಏನೂ ಇಲ್ಲವೆಂದು ಖಾತ್ರಿಯಿದ್ದರೆ ಖಾಲಿ ಮಾಡಬಹುದು.

ಐಫೋನಿನವರಿಗೆ ಈ ತಲೆನೋವು ಕಡಿಮೆ. 2008ರಲ್ಲಿ ಆ್ಯಪ್ ಸ್ಟೋರ್ ತೆರೆದಾಗಿನಿಂದ ಅಲ್ಲಿ ಪ್ರತಿ ಆ್ಯಪ್‌ಗೂ ಗೋಡೆ ಕಟ್ಟಿದ ಕೋಣೆ, ಕಾರ್ಡ್ ಹಾಕುವ ಜಾಗವೇ ಇಲ್ಲ. ಆದರೂ ಆ್ಯಪ್‌ಗಳು ಕೀಚೈನ್ ಎಂಬ ಭದ್ರ ಪೆಟ್ಟಿಗೆಯಲ್ಲಿಟ್ಟ ಪಾಸ್‌ವರ್ಡ್, ಲಾಗಿನ್ ಗುರುತುಗಳು ಆ್ಯಪ್ ಅಳಿಸಿದ ಮೇಲೂ ಉಳಿಯುತ್ತವೆ. 2017ರಲ್ಲಿ ಆ್ಯಪಲ್ ಒಂದು ಪರೀಕ್ಷಾರ್ಥ ಆವೃತ್ತಿಯಲ್ಲಿ ಇದನ್ನು ಬದಲಿಸಲು ನೋಡಿ ಹಿಂತೆಗೆದುಕೊಂಡಿತು. ತೆಗೆದ ಆ್ಯಪನ್ನು ಮತ್ತೆ ಹಾಕಿದಾಗ ಪಾಸ್‌ವರ್ಡ್ ಕೇಳದೆಯೇ ಅದು ನಿಮ್ಮನ್ನು ಗುರುತಿಸಿದರೆ ಇದೂ ಒಂದು ಕಾರಣ.

ಇನ್ನೊಂದು ಉಳಿಕೆ ಫೋನಿನಲ್ಲೇ ಇರುವುದಿಲ್ಲ. ಆ್ಯಪ್ ಅಳಿಸಿದರೂ ಕಂಪನಿಯ ಸರ್ವರಿನಲ್ಲಿ ನಿಮ್ಮ ಖಾತೆ, ಫೋನ್ ನಂಬರು, ಕೊಟ್ಟ ದಾಖಲೆಗಳು ಇದ್ದೇ ಇರುತ್ತವೆ, ಯಾವ ಫೈಲ್ ಮ್ಯಾನೇಜರಿಗೂ ಅವು ಕಾಣುವುದಿಲ್ಲ. ಖಾತೆ ತೆರೆಯಿಸುವ ಆ್ಯಪ್ ಅದನ್ನು ಅಳಿಸುವ ದಾರಿಯನ್ನೂ ತನ್ನೊಳಗೇ ಕೊಡಬೇಕೆಂಬ ನಿಯಮವನ್ನು ಆ್ಯಪಲ್ 2022ರ ಜೂನ್ 30ರಿಂದ ಜಾರಿಗೆ ತಂದಿತು. ಮರುವರ್ಷ ಗೂಗಲ್ ಕೂಡ ಅಂಥದ್ದೇ ನಿಯಮ ಪ್ರಕಟಿಸಿತು. ಹಾಗಾಗಿ ಕೆಲಸದ ಕ್ರಮ ಮುಖ್ಯ: ಮೊದಲು ಬೇಕಾದದ್ದನ್ನು ಹೊರಗೆ ತೆಗೆದುಕೊಳ್ಳಿ, ಆಮೇಲೆ ಆ್ಯಪ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಖಾತೆ ಅಳಿಸಿ, ಕೊನೆಗೆ ಆ್ಯಪ್ ತೆಗೆಯಿರಿ. ತೆಗೆದಾಗಿದ್ದರೆ, ಖಾತೆ ಅಳಿಸುವುದಕ್ಕಾಗಿಯೇ ಅದನ್ನು ಮತ್ತೊಮ್ಮೆ ಹಾಕಿಕೊಳ್ಳಬೇಕಾಗಬಹುದು.