ಯಂತ್ರದೊಳಗಣ ಛಿದ್ರ

ಸಂಸ್ಕೃತದಲ್ಲಿ ಛಿದ್ರವೆಂಬ ಶಬ್ದಕ್ಕೆ ರಂಧ್ರವೆಂದೂ ದೋಷವೆಂದೂ ಎರಡರ್ಥಗಳುಂಟು. ಇವೆರಡೂ ಒಂದೆಡೆ ಕೂಡಿದರೆ ಆಗುವ ಅನರ್ಥಕ್ಕೆ ನಮ್ಮ ಮನೆಮನೆಗಳಲ್ಲಿರುವ ಕಂಪ್ಯೂಟರೇ ತಕ್ಕ ನಿದರ್ಶನವು.

2017ನೆಯ ಇಸವಿ ಮೇ 12ರಂದು ವಾನಾಕ್ರೈ ಎಂಬ ದುಷ್ಟ ತಂತ್ರಾಂಶವು ಹೊರಟು, ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಮೇಲ್ಪಟ್ಟ ಯಂತ್ರಗಳನ್ನು ಹೊಕ್ಕು, ಅವುಗಳೊಳಗಿನ ಪತ್ರಗಳನ್ನು ಗೂಢಲಿಪಿಗೆ ತಿರುಗಿಸಿ, ಬಿಡುಗಡೆಗೆ 300 ಡಾಲರಿನಷ್ಟು ಬಿಟ್‌ಕಾಯಿನ್ ತೆರಬೇಕೆಂದು ಬೆದರಿಸಿತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ವೈದ್ಯರನ್ನು ಕಾಣಲು ಗೊತ್ತಾಗಿದ್ದ ಸುಮಾರು 19,000 ಭೇಟಿಗಳು ರದ್ದಾದುವೆಂದು ಅಂದಾಜು ಮಾಡಿರುವರು. ಶಸ್ತ್ರಕ್ರಿಯೆಗಳು ಕೂಡ ನಿಂತುಹೋದುವು.

ಇದಕ್ಕೆ ಮೂಲವೇನು? ಯಂತ್ರವನ್ನು ನಡೆಸುವ ವಿಂಡೋಸ್ ಎಂಬ ಆಪರೇಟಿಂಗ್ ಸಿಸ್ಟಮಿನಲ್ಲಿ, ಯಂತ್ರಗಳು ಪರಸ್ಪರ ಕಡತಗಳನ್ನು ಹಂಚಿಕೊಳ್ಳುವ ಭಾಗದಲ್ಲಿ, ಅಳತೆಯ ತಪ್ಪೊಂದು ಅಡಗಿದ್ದಿತು. ಉಗ್ರಾಣಿಯು ಬರತಕ್ಕ ಹತ್ತು ಸೇರನ್ನು ಐದೆಂದು ಬರೆದುಕೊಂಡು ಚಿಕ್ಕ ಪಾತ್ರೆಯನ್ನಿಟ್ಟನೆಂದು ಭಾವಿಸಿರಿ. ಸುರಿದ ಅಕ್ಕಿಯು ತುಂಬಿ ಪಕ್ಕದ ಪಾತ್ರೆಗೆ ಬೀಳುವುದಷ್ಟೆ. ಯಂತ್ರದ ಸ್ಮೃತಿಯಲ್ಲಿ, ಎಂದರೆ ಮೆಮೊರಿಯಲ್ಲಿ, ಆಗುವುದೂ ಇದೇ; ಆದರೆ ಅಲ್ಲಿ ಪಕ್ಕದ ಪಾತ್ರೆಯಲ್ಲಿರುವುದು ಯಂತ್ರವು ಮುಂದೇನು ಮಾಡಬೇಕೆಂಬುದನ್ನು ನಿರ್ಣಯಿಸುವ ಗುರುತುಗಳು. ಬೇಕೆಂದೇ ಹೆಚ್ಚಾಗಿ ಕಳುಹಿಸಿದ ಅಕ್ಷರಗಳು ಅವುಗಳ ಮೇಲೆ ಬಿದ್ದರೆ, ಕಳ್ಳನ ಮಾತೇ ಯಜಮಾನನ ಆಜ್ಞೆಯಾಗುವುದು. ಅವನು ಬಾಗಿಲನ್ನು ಮುರಿಯಬೇಕಾಗಿಲ್ಲ, ಗುಪ್ತಪದವನ್ನು ಕೇಳಬೇಕಾಗಿಲ್ಲ.

ವಿಷಾದದ ಸಂಗತಿಯೆಂದರೆ, ಮೈಕ್ರೋಸಾಫ್ಟ್ ಸಂಸ್ಥೆಯು ಆಗ ಚಾಲ್ತಿಯಲ್ಲಿದ್ದ ಆವೃತ್ತಿಗಳಿಗೆ ಈ ಛಿದ್ರವನ್ನು ಮುಚ್ಚುವ ತೇಪೆಯನ್ನು ಅದೇ ವರ್ಷದ ಮಾರ್ಚ್ 14ರಂದೇ, ಎಂದರೆ 59 ದಿನ ಮುಂಚಿತವಾಗಿ, ಹೊರಡಿಸಿದ್ದಿತು. ಮದ್ದು ಮನೆಯಲ್ಲಿದ್ದೂ ಕುಡಿಯದ ರೋಗಿಯಂತೆ ಅನೇಕರು ತಡಮಾಡಿ ಕೆಟ್ಟರು.

ಅನ್ಯರನ್ನು ಹಳಿಯುವುದೇಕೆ? ಇಂದಿನ ಪಾಠವನ್ನು ಇಂದೇ ಓದಿರೆಂದು ಮಕ್ಕಳಿಗೆ ಮೂವತ್ತು ವರ್ಷ ಬೋಧಿಸಿದ ನಾವು, ತೆರೆಯ ಮೇಲೆ ನವೀಕರಣದ ಸೂಚನೆ ಕಂಡಾಗಲೆಲ್ಲ “ನಾಳೆ” ಎಂಬುದನ್ನೇ ಒತ್ತುತ್ತಿದ್ದೆವು. ಒಂದು ದಿನ ಮೊಮ್ಮಗಳು ನೋಡಿ, “ತಾತ, ನಾಳೆ ಎಂದು ಹೇಳಿದ ಹುಡುಗನಿಗೆ ನೀವು ಎಷ್ಟು ಅಂಕ ಕೊಡುತ್ತಿದ್ದಿರಿ?” ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಆ ಸಂಜೆಯೇ ಕಾರ್ಯವು ಮುಗಿಯಿತು.

ಗೃಹಸ್ಥರಲ್ಲಿ ನಮ್ಮ ಅರಿಕೆಯು ಇಷ್ಟೆ. ನವೀಕರಣವನ್ನು ಮುಂದೂಡಬೇಡಿರಿ. ಮುಖ್ಯ ಪತ್ರಗಳ ಮತ್ತು ಭಾವಚಿತ್ರಗಳ ಪ್ರತಿಯೊಂದನ್ನು ಯಂತ್ರದಿಂದ ಬೇರೆಯಾಗಿ ಇಟ್ಟುಕೊಳ್ಳಿರಿ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದೇ ಮುಗಿದಿರುವುದರಿಂದ, ಹಳೆಯ ಯಂತ್ರವುಳ್ಳವರು ತಿಳಿದವರನ್ನು ವಿಚಾರಿಸತಕ್ಕುದು. ಮಳೆಗಾಲಕ್ಕೆ ಮುಂಚೆಯೇ ಹೆಂಚು ಸರಿಪಡಿಸುವವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾದುದಿಲ್ಲ.