ತೀರ್ಥಹಳ್ಳಿ ತುಂಡಾಗಿದ್ದೆಲ್ಲಿ?

ಫೈಲಿಗೆ ‘ತೀರ್ಥಹಳ್ಳಿ ಪಹಣಿ’ ಅಂತ
ಕನ್ನಡದಲ್ಲೇ ಹೆಸರಿಟ್ಟು ಮೇಲ್ ಮಾಡಿದ್ರಿ.

ಸಾಗರದಲ್ಲಿ ಮೊಬೈಲಲ್ಲಿ ತೆಗೆದವರಿಗೆ ಹೆಸರು ಸರಿಯಾಗಿ ಕಾಣ್ತು.
ಹೊಸನಗರದಲ್ಲಿ, ಹಳೇ ಮೇಲ್ ಸಾಫ್ಟ್‌ವೇರಲ್ಲಿ?
ಬರೀ ಪರ್ಸೆಂಟ್ ಗುರುತು, ಅಂಕಿ, ಇಂಗ್ಲಿಷ್ ಅಕ್ಷರ!
ಮೇಲ್ ಒಂದೇ. ಹೆಸರು ಯಾಕೆ ಎರಡು?

ಮಂಡಿಗೆ ಹೋಗೋ ಅಡಿಕೆ ಚೀಲ ನೆನಪಿಸ್ಕೊಳ್ಳಿ.
ಒಳಗೆ ಅಡಿಕೆ, ಮೇಲೆ ಹೆಸರಿನ ಚೀಟಿ.
ಚೀಟಿ ಹರಿದ್ರೆ ಅಡಿಕೆ ಕೆಡಲ್ಲ.
ಅಟ್ಯಾಚ್‌ಮೆಂಟ್ ಹೆಸರೂ ಅಂಥ ಚೀಟಿನೇ.
ಅದು ಇರೋದು ಮೇಲ್‌ನ ಹೆಡರಲ್ಲಿ, ಅಂದ್ರೆ ವಿವರ ಬರೆಯೋ ಭಾಗದಲ್ಲಿ.

ಆ ಹೆಡರ್ ಮಾಡಿದ್ದೇ ಇಂಗ್ಲಿಷ್ ಅಕ್ಷರಕ್ಕೆ.
ಬೇರೆ ಲಿಪಿಯ ಫೈಲ್ ಹೆಸರಿಗೆ ದಾರಿ ಮಾಡಿದ ನಿಯಮ
ಆರ್‌ಎಫ್‌ಸಿ 2231, ಬಂದಿದ್ದು 1997ರಲ್ಲಿ.

ಅದರ ಲೆಕ್ಕದಲ್ಲಿ, ‘ತೀರ್ಥಹಳ್ಳಿ’ ಅನ್ನೋ ಒಂದೇ ಪದ
90 ಚಿಹ್ನೆ ಆಗುತ್ತೆ!
ಮೇಲ್‌ನ ಒಂದು ಸಾಲು 78 ದಾಟಬಾರದು ಅಂತಾರೆ.
ಸರಿ, ಹೆಸರನ್ನ ತುಂಡು ಮಾಡಿ ಕಳಿಸ್ತಾರೆ.
ಹೊಸ ಆ್ಯಪ್ ತುಂಡುಗಳನ್ನ ಜೋಡಿಸಿ ಓದುತ್ತೆ.
ಈ ನಿಯಮ ಕಲೀದೇ ಇರೋ ಹಳೇ ಆವೃತ್ತಿ ತಬ್ಬಿಬ್ಬಾಗುತ್ತೆ.

ಇನ್ನು ಕೆಲವು ಸಾಫ್ಟ್‌ವೇರ್‌ಗಳು ನಿಯಮಾನೇ ಬಿಟ್ಟು
ತಮ್ಮದೇ ದಾರಿ ಹಿಡಿದವು. ಗೋಜಲು ಹೆಚ್ಚಿದ್ದೇ ಹಾಗೆ.

ಫೈಲ್ ತೆರೀತಿಲ್ವಾ?
ಸೇವ್ ಮಾಡಿ, ಹೆಸರು ಬದಲಿಸಿ,
ಪಿಡಿಎಫ್ ಫೈಲಾದ್ರೆ ಕೊನೆಗೆ ಡಾಟ್ ಪಿಡಿಎಫ್ ಸೇರಿಸಿ.

ಕಳಿಸೋರು ಚಿಕ್ಕದಾಗಿ ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಡಿ.
ಬೇಜಾರಿನ ಮಾತೇ. ಆದ್ರೆ ಹಳೇ ಸಾಫ್ಟ್‌ವೇರ್ ಮುಂದೆ ಕೆಲಸ ಆಗೋದು ಹೀಗೇ.